ಮೊದಲ ಚುಚ್ಚುಮದ್ದು ತಮ್ಮ ಮೈಗೇ: ವಾಲ್ಡೆಮಾರ್ ಹಾಫ್‌ಕಿನ್ ಅವರ ಜೀವನ



ನಮ್ಮ ಊರಿನ ಬಸದಿಯ ಪಕ್ಕದ ಸಭಾಭವನದಲ್ಲಿ ನಾವು ಕೆಲವರು ಸೇರಿ ಆಗಾಗ ಆರೋಗ್ಯ ತಪಾಸಣಾ ಶಿಬಿರ ನಡೆಸುತ್ತೇವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಣ್ಣಿನ ಪೊರೆ, ಹೀಗೆ. ಹೆಸರು ಬರೆದುಕೊಳ್ಳುವುದು, ಕುರ್ಚಿ ಹಾಕುವುದು, ಜನರನ್ನು ಮನೆಯಿಂದ ಕರೆತರುವುದು ನನ್ನ ಪಾಲಿನ ಕೆಲಸ. ಈ ಮೂರರಲ್ಲಿ ಕೊನೆಯದೇ ಕಷ್ಟ. ಒಮ್ಮೆ ಒಬ್ಬ ಹಿರಿಯರು ಬಾಗಿಲಲ್ಲೇ ನಿಂತು, ಊರಿಗೆಲ್ಲ ಹೇಳುವ ನೀನು ಮೊದಲು ಬೆರಳು ಚುಚ್ಚಿಸಿಕೋ, ಆಮೇಲೆ ನಾನು ಬರುತ್ತೇನೆ ಎಂದರು. ಐದು ವರ್ಷದಿಂದ ಶಿಬಿರಕ್ಕೆ ಓಡಾಡುತ್ತಿದ್ದರೂ ನಾನೊಮ್ಮೆಯೂ ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ನಾಚಿಕೆಯಿಂದ ಕೈ ಕೊಟ್ಟೆ. ಸಕ್ಕರೆ ಇರುವುದು ಆವತ್ತೇ ಗೊತ್ತಾಯಿತು. ಯಾವಾಗಿನಿಂದ ಇತ್ತೋ ಏನೋ.

ಜನ ರೋಗಕ್ಕಿಂತ ಸೂಜಿಗೆ ಹೆಚ್ಚು ಹೆದರುತ್ತಾರೆ, ಸೂಜಿ ಹಿಡಿದವರನ್ನು ಅದಕ್ಕಿಂತ ಹೆಚ್ಚು ಅನುಮಾನಿಸುತ್ತಾರೆ. ಈ ಸಂಗತಿ ಇಂದಿನದಲ್ಲ. ನೂರಿಪ್ಪತ್ತೈದು ವರ್ಷಕ್ಕೂ ಹಿಂದೆ ಪ್ಲೇಗು ಮತ್ತು ಕಾಲರಾ ನಮ್ಮ ದೇಶವನ್ನು ತಿನ್ನುತ್ತಿದ್ದಾಗ ಆ ಅನುಮಾನದ ಎದುರಿಗೆ ನಿಂತು ಕೆಲಸ ಮಾಡಿದವರು ವಾಲ್ಡೆಮಾರ್ ಹಾಫ್‌ಕಿನ್. ಮುಂಬಯಿಯ ಪರೇಲಿನಲ್ಲಿರುವ ಸಂಸ್ಥೆಯಿಂದಾಗಿ ಅವರ ಹೆಸರನ್ನು ಹಲವರು ಕೇಳಿರಬಹುದು. ಅವರ ಬದುಕಿನ ಬಗ್ಗೆ ತಿಳಿದವರು ಕಡಿಮೆ.

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ನಗರದಲ್ಲಿ. ಆಗ ಅದು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು, ಈಗ ಉಕ್ರೇನ್ ದೇಶದಲ್ಲಿದೆ. ಅವರದು ಯಹೂದಿ ವ್ಯಾಪಾರಿ ಮನೆತನ. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಅವರು ಪ್ರಾಣಿಶಾಸ್ತ್ರ ಓದಿದರು. ನಮ್ಮ ರಕ್ತದ ಬಿಳಿಕಣಗಳು ರೋಗಾಣುಗಳನ್ನು ನುಂಗುತ್ತವೆ ಎಂದು ಕಂಡುಹಿಡಿದು ಮುಂದೆ ನೊಬೆಲ್ ಪಡೆದ ಇಲ್ಯಾ ಮೆಚ್ನಿಕಾಫ್ ಅಲ್ಲಿ ಅವರ ಗುರು. ಆ ಕಾಲದಲ್ಲಿ ರಷ್ಯಾದಲ್ಲಿ ಯಹೂದಿಗಳ ಮನೆ, ಅಂಗಡಿಗಳ ಮೇಲೆ ಗುಂಪುಗಳು ದಾಳಿ ಮಾಡುತ್ತಿದ್ದವು. ತಮ್ಮವರನ್ನು ಕಾಯಲು ನಿಂತ ಯುವಕರಲ್ಲಿ ಹಾಫ್‌ಕಿನ್ ಕೂಡ ಒಬ್ಬರು. ಪೊಲೀಸರು ಹಿಡಿದರು, ಗುರುಗಳು ಮಾತಾಡಿ ಬಿಡಿಸಿದರು.

ಓದು ಮುಗಿದ ಮೇಲೆ ದೊಡ್ಡ ಹುದ್ದೆಗೆ ಒಂದೇ ಅಡ್ಡಿ ಇತ್ತು. ಧರ್ಮ ಬದಲಿಸಿ ರಷ್ಯಾದ ಕ್ರೈಸ್ತ ಪಂಥಕ್ಕೆ ಸೇರಿದರೆ ಪ್ರಾಧ್ಯಾಪಕರಾಗುವ ದಾರಿ ತೆರೆಯುತ್ತಿತ್ತು. ಅವರು ಒಪ್ಪಲಿಲ್ಲ. 1888ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾಕ್ಕೆ ಹೋದರು, ಮರುವರ್ಷ ಪ್ಯಾರಿಸ್ಸಿಗೆ. ಗುರು ಮೆಚ್ನಿಕಾಫ್ ಅಷ್ಟರಲ್ಲಿ ಅಲ್ಲಿನ ಲೂಯಿ ಪಾಶ್ಚರ್ ಅವರ ಸಂಸ್ಥೆ ಸೇರಿದ್ದರು. ಆದರೆ ಆ ಸಂಸ್ಥೆಯಲ್ಲಿ ಖಾಲಿ ಇದ್ದದ್ದು ಗ್ರಂಥಾಲಯದ ಕೆಲಸ ಮಾತ್ರ. ಹಾಫ್‌ಕಿನ್ ಅದನ್ನೇ ಒಪ್ಪಿಕೊಂಡರು. ಹಗಲು ಪುಸ್ತಕ ಜೋಡಿಸುವುದು, ಬಿಡುವಿನಲ್ಲಿ ಪ್ರಯೋಗಶಾಲೆ. ಸಣ್ಣ ಕೆಲಸವೆಂದು ಮುಖ ತಿರುಗಿಸಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಅವರು ಹಿಡಿದದ್ದು ಕಾಲರಾ ರೋಗವನ್ನು. ಅದರ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಕ್ ಈಜಿಪ್ಟಿನಲ್ಲಿ, ಆಮೇಲೆ ನಮ್ಮ ಕಲ್ಕತ್ತಾದಲ್ಲೇ 1884ರ ಹೊತ್ತಿಗೆ ಗುರುತಿಸಿ ತೋರಿಸಿದ್ದರು. ಗುರುತಿಸಿದ ಮಾತ್ರಕ್ಕೆ ರೋಗ ನಿಲ್ಲುವುದಿಲ್ಲ. ರೋಗ ಬರುವ ಮೊದಲೇ ದೇಹವನ್ನು ಸಿದ್ಧಗೊಳಿಸುವುದು ಹೇಗೆ ಎಂಬುದು ಹಾಫ್‌ಕಿನ್ ಅವರ ಪ್ರಶ್ನೆ. ಮೊದಲು ಸತ್ವ ಕುಗ್ಗಿಸಿದ ರೋಗಾಣುಗಳ ಒಂದು ಚುಚ್ಚುಮದ್ದು, ಕೆಲವು ದಿನಗಳ ನಂತರ ಬಲವಾದ ರೋಗಾಣುಗಳ ಇನ್ನೊಂದು. ಈ ಕ್ರಮವನ್ನು ಅವರು ಗಿನಿಯಿಲಿ, ಮೊಲಗಳ ಮೇಲೆ ಪ್ರಯೋಗಿಸಿ ನೋಡಿದರು. ನಮ್ಮ ಮನೆಗಳಲ್ಲಿ ಈ ಸಾಲನ್ನು ಓದುವಾಗ ಕಸಿವಿಸಿಯಾಗುತ್ತದೆ, ನನಗೂ ಆಯಿತು. ಆದರೆ ನಡೆದದ್ದನ್ನು ನಡೆದಂತೆ ಬರೆಯಬೇಕು.

1892ರ ಜುಲೈ 18ರಂದು ಅವರು ಆ ಮದ್ದನ್ನು ತಮ್ಮ ಮೈಗೇ ಚುಚ್ಚಿಕೊಂಡರು. ಜ್ವರ ಬಂತು, ಚುಚ್ಚಿದ ಜಾಗ ನೋಯಿತು, ಕೆಲವೇ ದಿನಗಳಲ್ಲಿ ಇಳಿಯಿತು. ಆರು ದಿನ ಬಿಟ್ಟು ಎರಡನೆಯದನ್ನೂ ತೆಗೆದುಕೊಂಡರು. ಆಮೇಲೆ ಅವರ ಕೆಲವು ಸ್ನೇಹಿತರು ಮುಂದೆ ಬಂದರು. ಅವರ ವಯಸ್ಸು ಆಗ ಮೂವತ್ತೆರಡು, ಮದುವೆಯಾಗಿರಲಿಲ್ಲ, ಕೊನೆಯವರೆಗೂ ಆಗಲಿಲ್ಲ.

ಮದ್ದು ಸಿದ್ಧವಾಯಿತು, ಆದರೆ ಅದನ್ನು ಕಾಲರಾ ಇರುವ ಊರಿನಲ್ಲಿ ಕೊಟ್ಟು ನೋಡಬೇಕು. ಹುಟ್ಟಿದ ರಷ್ಯಾ ಅವರನ್ನು ಬೇಡವೆಂದಿತು. ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಮೊದಲು ಭಾರತದ ವೈಸ್‌ರಾಯ್ ಆಗಿದ್ದವರು. ಇಲ್ಲಿ ಕಾಲರಾದಿಂದ ಎಷ್ಟು ಜನ ಸಾಯುತ್ತಾರೆಂದು ಅವರಿಗೆ ಗೊತ್ತಿತ್ತು. ಅವರ ನೆರವಿನಿಂದ 1893ರ ಮಾರ್ಚಿನಲ್ಲಿ ಹಾಫ್‌ಕಿನ್ ಕಲ್ಕತ್ತಾಕ್ಕೆ ಬಂದಿಳಿದರು.

ಇಲ್ಲಿಯೂ ಯಾರೂ ಹೂಮಾಲೆ ಹಿಡಿದು ಕಾದಿರಲಿಲ್ಲ. ಬ್ರಿಟಿಷ್ ವೈದ್ಯಾಧಿಕಾರಿಗಳ ಕಣ್ಣಿಗೆ ಅವರು ವೈದ್ಯರೇ ಅಲ್ಲ, ಪ್ರಾಣಿಶಾಸ್ತ್ರ ಓದಿದ ರಷ್ಯಾದ ಮನುಷ್ಯ. ಬೇಹುಗಾರನಿರಬಹುದೆಂಬ ಸಂಶಯ ಬೇರೆ. ಜನರ ಕಣ್ಣಿಗೆ ಅವರು ಸರ್ಕಾರದ ಸೂಜಿ ಹಿಡಿದ ಬಿಳಿಯ. ಆಗ್ರಾದಿಂದ ಶುರುಮಾಡಿ ಉತ್ತರ ಭಾರತದ ಊರೂರು, ಸೈನ್ಯದ ಛಾವಣಿಗಳು, ಅಸ್ಸಾಮಿನ ಚಹಾ ತೋಟಗಳನ್ನೆಲ್ಲ ಸುತ್ತಿದರು. ಯಾರನ್ನೂ ಬಲವಂತ ಮಾಡಬಾರದು, ಒಪ್ಪಿ ಬಂದವರಿಗೆ ಮಾತ್ರ ಎಂಬುದು ಅವರ ನಿಯಮ. ಎರಡು ವರ್ಷ ಚಿಲ್ಲರೆಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನ ಚುಚ್ಚಿಸಿಕೊಂಡರು.

ಈ ಅವಧಿಯ ಒಂದು ಘಟನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1894ರಲ್ಲಿ ಕಲ್ಕತ್ತಾದ ಕಟ್ಟಾಲ್ ಬಗಾನ್ ಎಂಬ ಬಡವರ ಬಸ್ತಿಯಲ್ಲಿ ಕಾಲರಾ ಕಾಣಿಸಿತು. ಹಾಫ್‌ಕಿನ್ ಬಂಗಾಳಿ ವೈದ್ಯರ ಜೊತೆ ಅಲ್ಲಿಗೆ ಹೋದರು. ಜನ ಸಿಟ್ಟಿಗೆದ್ದು ಕಲ್ಲು ತೂರಿದರು, ಆಗ ಅವರೂ ಜೊತೆಯ ವೈದ್ಯರೂ ಎಲ್ಲರ ಕಣ್ಣೆದುರೇ ತಾವು ಚುಚ್ಚಿಸಿಕೊಂಡು ತೋರಿಸಿದರು ಎಂದು ಹೇಳುತ್ತಾರೆ. ಕೊನೆಗೆ ಆ ಬಸ್ತಿಯ ಸುಮಾರು 200 ಜನರಲ್ಲಿ 116 ಮಂದಿ ಮುಂದೆ ಬಂದರು. ಆಮೇಲೆ ಅದೇ ಬಸ್ತಿಯಲ್ಲಿ ಮತ್ತೆ 10 ಮಂದಿಗೆ ಕಾಲರಾ ತಗಲಿತು, 7 ಮಂದಿ ಸತ್ತರು. ಹತ್ತೂ ಜನ ಚುಚ್ಚಿಸಿಕೊಳ್ಳದ ಗುಂಪಿನವರೇ. ಒಂದೇ ಕೊಳದ ನೀರು ಕುಡಿಯುವ, ಒಂದೇ ಗಲ್ಲಿಯ ಜನ. ಲೆಕ್ಕ ಅರ್ಥವಾಗಲು ದೊಡ್ಡ ಓದು ಬೇಕಿರಲಿಲ್ಲ. ಹಾಫ್‌ಕಿನ್ ಜಮಾ-ಖರ್ಚು ಬರೆದ ಹಾಗೆ ಎರಡು ಕಡೆಯದನ್ನೂ ಬರೆದಿಡುತ್ತಿದ್ದರು: ಚುಚ್ಚಿಸಿಕೊಂಡವರೆಷ್ಟು, ಬಿಟ್ಟವರೆಷ್ಟು, ಯಾವ ಕಡೆ ಎಷ್ಟು ಕಾಯಿಲೆ, ಎಷ್ಟು ಸಾವು. ವ್ಯಾಪಾರಿಯಾಗಿ ನನಗೆ ಅವರಲ್ಲಿ ಮೊದಲು ಹಿಡಿಸಿದ್ದು ಇದು. ಬರೀ ಜಮಾ ತೋರಿಸುವ ಖಾತೆಯನ್ನು ಯಾರು ನಂಬುತ್ತಾರೆ?

ಮಲೇರಿಯಾ ಜ್ವರದಿಂದ ಬಳಲಿ 1895ರಲ್ಲಿ ಯುರೋಪಿಗೆ ಹಿಂತಿರುಗಿದವರು ಮರುವರ್ಷ ಮತ್ತೆ ಬಂದರು. ಆ ವರ್ಷ, ಅಂದರೆ 1896ರಲ್ಲಿ, ಮುಂಬಯಿಗೆ ಪ್ಲೇಗು ಬಂತು.

ಅದು ಮೊದಲು ಕಾಣಿಸಿದ್ದು ಬಂದರಿನ ಹತ್ತಿರದ ಮಾಂಡವಿಯಲ್ಲಿ. ಗುರುತಿಸಿದವರು ಗೋವೆ ಮೂಲದ ವೈದ್ಯ ಅಕಾಸಿಯೊ ವಿಯೆಗಾಸ್. ಮಾಂಡವಿ ಎಂದರೆ ಕಾಳಿನ ಗೋದಾಮುಗಳ ಪೇಟೆ. ಕೆಳಗೆ ಚೀಲಗಳ ರಾಶಿ, ಮೇಲೆ ಮನೆಗಳು. ಕಛ್ಛೀ, ಭಾಟಿಯಾ, ಖೋಜಾ ವ್ಯಾಪಾರಿಗಳ ಜೊತೆ ನಮ್ಮ ಜೈನ ವ್ಯಾಪಾರಿಗಳೂ ಅಲ್ಲಿ ಬಹಳ. ಕಾಳಿದ್ದಲ್ಲಿ ಇಲಿ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಮನುಷ್ಯನಿಗೆ ಬರುತ್ತದೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಫ್ರಾನ್ಸಿನ ಪಾಲ್ ಲೂಯಿ ಸಿಮಾಂಡ್ 1898ರಲ್ಲಿ ಕರಾಚಿಯಲ್ಲಿ ಅದನ್ನು ತೋರಿಸಿಕೊಟ್ಟರು. ಅವರ ಮಾತನ್ನು ಜಗತ್ತು ಒಪ್ಪಲು ಮತ್ತೆ ಹಲವು ವರ್ಷ ಬೇಕಾಯಿತು.

ತೊಡೆಸಂದಿ, ಕಂಕುಳಲ್ಲಿ ಗಂಟು, ಜ್ವರ, ಕೆಲವೇ ದಿನಗಳಲ್ಲಿ ಸಾವು. ಮುಂಬಯಿಯ ಅರ್ಧದಷ್ಟು ಜನ ಊರು ಬಿಟ್ಟರು. ಸರ್ಕಾರ ಹೆದರಿತು, ಹೆದರಿದ ಸರ್ಕಾರ ಬಲ ಪ್ರಯೋಗಿಸಿತು. ಮನೆಯೊಳಗೆ ನುಗ್ಗಿ ರೋಗಿಗಳನ್ನು ಎಳೆದೊಯ್ಯುವುದು, ಸಾಮಾನು ಸುಡುವುದು, ರೈಲಿನಲ್ಲಿ ಹೆಂಗಸರನ್ನೂ ಬಿಡದೆ ಮೈ ಮುಟ್ಟಿ ನೋಡುವುದು. 1896ರ ಅಕ್ಟೋಬರಿನಲ್ಲಿ ಗಿರಣಿ ಕೆಲಸಗಾರರು ಆರ್ಥರ್ ರಸ್ತೆಯ ಆಸ್ಪತ್ರೆಗೆ ನುಗ್ಗಿದರು. ಮರುವರ್ಷ ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಕೊಲೆಯಾಯಿತು, ಚಾಪೇಕರ್ ಸಹೋದರರನ್ನು ಗಲ್ಲಿಗೇರಿಸಿದರು. ರೋಗ ತಡೆಯುವ ಕೆಲಸ ಜನರ ಮೇಲಿನ ದಬ್ಬಾಳಿಕೆಯಾದರೆ ರೋಗಿಗಳು ಅಡಗಿಕೊಳ್ಳುತ್ತಾರೆ, ರೋಗ ಇನ್ನೂ ಹರಡುತ್ತದೆ. ಆಗ ಆದದ್ದು ಅದೇ.

ಇಂಥ ಹೊತ್ತಿನಲ್ಲಿ ಹಾಫ್‌ಕಿನ್ ಅವರನ್ನು ಮುಂಬಯಿಗೆ ಕರೆಸಿದರು. ಅವರಿಗೆ ಕೊಟ್ಟದ್ದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಮೂರು ತಿಂಗಳು ಹಗಲು ರಾತ್ರಿ ಕೆಲಸ. ಜೊತೆಗಿದ್ದವರಲ್ಲಿ ಒಬ್ಬರು ಮಾನಸಿಕವಾಗಿ ಕುಸಿದರು, ಇಬ್ಬರು ಬಿಟ್ಟೇ ಹೋದರು.

ಪ್ಲೇಗಿನ ಮದ್ದಿನ ವಿಧಾನ ಕಾಲರಾದ್ದಕ್ಕಿಂತ ಬೇರೆ. ಇಲ್ಲಿ ರೋಗಾಣುಗಳನ್ನು ಬೆಳೆಸಿ, ಕಾಯಿಸಿ ಪೂರ್ತಿ ಕೊಂದು, ಸತ್ತ ರೋಗಾಣುಗಳನ್ನೇ ಚುಚ್ಚುವುದು. ಬೆಳೆಸಲು ದೊಡ್ಡ ಗಾಜಿನ ಹೂಜಿಗಳಲ್ಲಿ ಸಾರು ತುಂಬಿ, ಅದರ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಡುತ್ತಿದ್ದರು. ನಮ್ಮ ಮನೆಯ ತುಪ್ಪವೇ! ಆ ಹನಿಗಳ ಕೆಳಗೆ ರೋಗಾಣುಗಳು ಆಲದ ಬಿಳಲುಗಳಂತೆ ಇಳಿಬೀಳುತ್ತಿದ್ದವು. ಆಗಾಗ ಹೂಜಿಯನ್ನು ಅಲ್ಲಾಡಿಸಿದರೆ ಅವು ಉದುರಿ ಕೆಳಗೆ ಸೇರುತ್ತವೆ, ಮತ್ತೆ ಹೊಸ ಬಿಳಲು ಬೆಳೆಯುತ್ತದೆ. ಐದಾರು ವಾರ ಹೀಗೆ. ಹಿಂದೂ, ಮುಸಲ್ಮಾನರ ಭಾವನೆಗೆ ನೋವಾಗದಂತೆ ದನ ಮತ್ತು ಹಂದಿಯ ಮಾಂಸವನ್ನು ದೂರವಿಟ್ಟು ಆಡಿನ ಮಾಂಸದ ಸಾರು ಬಳಸಿದರು. ನಮ್ಮ ಜನರಿಗೆ ಅದು ಕೂಡ ಸಲ್ಲುವಂಥದ್ದಲ್ಲ. ಆಗಿನ ನಮ್ಮ ಹಿರಿಯರು ಆ ಸೂಜಿಯ ಮುಂದೆ ಯಾವ ಸಂಕಟ ಪಟ್ಟಿರಬೇಕು ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಒಂದು ಕಡೆ ವ್ರತ, ಇನ್ನೊಂದು ಕಡೆ ಮನೆಯ ಮಕ್ಕಳ ಜೀವ. ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ.

1897ರ ಜನವರಿ 10ರಂದು ಹಾಫ್‌ಕಿನ್ ಪ್ಲೇಗಿನ ಮದ್ದನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು. ಮುಂದೆ ಜನರಿಗೆ ಕೊಡಬೇಕೆಂದಿದ್ದ ಪ್ರಮಾಣಕ್ಕಿಂತ ಬಹಳ ಹೆಚ್ಚಾಗಿ, 10 ಸಿ.ಸಿ. ಜೋರು ಜ್ವರ, ನೋವು. ಅದೇ ತಿಂಗಳ ಕೊನೆಯಲ್ಲಿ ಬೈಕುಲ್ಲಾ ಜೈಲಿನಲ್ಲಿ ಪ್ಲೇಗು ಕಾಣಿಸಿದಾಗ ಕೈದಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಚುಚ್ಚಿಸಿಕೊಳ್ಳಲು ಒಪ್ಪಿದರು. ಅಲ್ಲಿಯೂ ವ್ಯತ್ಯಾಸ ಎದ್ದು ಕಂಡಿತು. ಖೋಜಾ ಸಮಾಜದ ಗುರುಗಳಾದ ಆಗಾ ಖಾನ್, ಆಗ ಇನ್ನೂ ಇಪ್ಪತ್ತರ ಆಸುಪಾಸಿನ ಯುವಕ, ತಮ್ಮ ಬಂಗಲೆಯನ್ನು ಪ್ರಯೋಗಶಾಲೆಗೆ ಬಿಟ್ಟುಕೊಟ್ಟರು. ಅಷ್ಟೇ ಅಲ್ಲ, ತಮ್ಮ ಜನರ ಮುಂದೆ ಒಂದಲ್ಲ ಹಲವು ಸಲ ಚುಚ್ಚಿಸಿಕೊಂಡು ತೋರಿಸಿದರು. ಸಾವಿರಾರು ಖೋಜಾಗಳು ಅವರ ಹಿಂದೆ ಬಂದರು. ಒಂದು ಸಮಾಜದ ಮುಖಂಡ ಮೊದಲು ತೋಳು ಚಾಚಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1898ರಲ್ಲಿ ಬಡೋದೆಯ ಹತ್ತಿರ ಉಂಧೇರಾ ಎಂಬ ಹಳ್ಳಿಯಲ್ಲಿ ಇನ್ನೂ ಕಟ್ಟುನಿಟ್ಟಾದ ಪರೀಕ್ಷೆ ನಡೆಯಿತು. ಒಂದೊಂದೇ ಕುಟುಂಬವನ್ನು ಕೂರಿಸಿ, ಗಂಡಸರು, ಹೆಂಗಸರು, ಮಕ್ಕಳು, ಗಟ್ಟಿಗರು, ನಿಶ್ಶಕ್ತರು ಎರಡೂ ಕಡೆ ಸಮನಾಗಿ ಬರುವಂತೆ ಅರ್ಧ ಜನಕ್ಕೆ ಮಾತ್ರ ಚುಚ್ಚಿದರು. ಒಂದೇ ಮನೆ, ಒಂದೇ ಒಲೆ. ಆಮೇಲೆ ಪ್ಲೇಗು ಬಡಿದ ಮನೆಗಳಲ್ಲಿ ಚುಚ್ಚಿಸಿಕೊಂಡವರ ಪೈಕಿ 3 ಮಂದಿ ಸತ್ತರು, ಬಿಟ್ಟವರ ಪೈಕಿ 26 ಮಂದಿ. ಮದ್ದಿಗೆ ಬಲವಾದ ಸಾಕ್ಷಿ ಸಿಕ್ಕಿತು. ಆದರೆ ಆ ಇಪ್ಪತ್ತಾರು ಜನರಿಗೂ ಚುಚ್ಚಿದ್ದರೆ ಎಂಬ ಪ್ರಶ್ನೆ ಓದುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇದನ್ನು ನಮ್ಮ ಊರಿನ ಒಬ್ಬ ವೈದ್ಯರಿಗೆ ಕೇಳಿದೆ. ಇವತ್ತಿಗೂ ಹೊಸ ಔಷಧವನ್ನು ಹೆಚ್ಚುಕಡಿಮೆ ಹೀಗೆಯೇ ಎರಡು ಗುಂಪು ಮಾಡಿ ನೋಡುತ್ತಾರೆ, ಜನರಿಗೆ ತಿಳಿಸಿ ಒಪ್ಪಿಗೆ ಪಡೆಯುತ್ತಾರೆ ಎಂದು ಅವರು ವಿವರಿಸಿದರು.

ಅದೇ 1898ರಲ್ಲಿ ಪ್ಲೇಗು ರೈಲು ಹಿಡಿದು ನಮ್ಮ ಹುಬ್ಬಳ್ಳಿ, ಧಾರವಾಡಕ್ಕೆ ಬಂತು. ಹುಬ್ಬಳ್ಳಿ ಆಗಲೇ ಹತ್ತಿ ವ್ಯಾಪಾರದ, ರೈಲ್ವೆ ಕಾರ್ಖಾನೆಯ ಊರು. ಅಲ್ಲಿ ಲ್ಯೂಮನ್ ಎಂಬ ಸೈನ್ಯದ ವೈದ್ಯರು ಹಾಫ್‌ಕಿನ್ ಮದ್ದನ್ನು ತಿಂಗಳುಗಟ್ಟಲೆ ಕೊಟ್ಟರು. ಮೊದಲು ಹಿಂಜರಿದ ಜನ, ಪಕ್ಕದ ಮನೆಯ ಲೆಕ್ಕ ನೋಡಿ ತಾವೇ ಬಂದು ಸಾಲು ನಿಂತರು. ಕೊನೆಕೊನೆಗೆ ಊರಿನಲ್ಲಿ ಉಳಿದವರಲ್ಲಿ ಬಹುಪಾಲು ಜನರಿಗೆ ಚುಚ್ಚಿಯಾಗಿತ್ತು. ಇಡೀ ದೇಶದಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಒಂದೇ ಊರಿನ ಜನ ಮುಂದೆ ಬಂದದ್ದು ಅಪರೂಪ, ಆ ಕಾಲದ ವೈದ್ಯರ ಚರ್ಚೆಗಳಲ್ಲಿ ಹುಬ್ಬಳ್ಳಿಯ ಹೆಸರು ಮತ್ತೆ ಮತ್ತೆ ಬರುತ್ತದೆ. ಧಾರವಾಡದಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆ ಇದೇ ಕೆಲಸ ಮಾಡಿದರು. ಪರಪುರುಷರ ಮುಂದೆ ಬಾರದ ಹೆಣ್ಣುಮಕ್ಕಳಿಗೆ ಒಬ್ಬ ವೈದ್ಯೆ ಬಂದದ್ದು ಎಷ್ಟು ಅನುಕೂಲವಾಯಿತೆಂದು ಬಿಡಿಸಿ ಹೇಳಬೇಕಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನೂ ಮುಟ್ಟಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಜನ ಹೋಗಿ ನೆಲೆಸಿದ್ದಕ್ಕೆ ಆ ಭಯವೂ ಒಂದು ಕಾರಣ.

ನಮ್ಮ ಅಜ್ಜಿ ಹೇಳುತ್ತಿದ್ದರು: ಇಲಿ ಬಿದ್ದವು ಎಂದರೆ ಸಾಕು, ದೇವರ ಪೆಟ್ಟಿಗೆ, ಹಾಸಿಗೆ, ಹಿಟ್ಟಿನ ಡಬ್ಬಿ ಹೊತ್ತುಕೊಂಡು ಊರ ಹೊರಗೆ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. ಹಬ್ಬ, ಬಾಣಂತನ ಎಲ್ಲ ಅಲ್ಲೇ. ಅಜ್ಜಿಯ ಅತ್ತಿಗೆಯೊಬ್ಬರು ಗುಡಿಸಲಿನಿಂದ ಹಿಂತಿರುಗಲಿಲ್ಲ. ಹೇಳುವಾಗ ಅವರ ಹೆಸರಿಗೆ ಬಂದರೆ ಅಜ್ಜಿ ಸುಮ್ಮನಾಗುತ್ತಿದ್ದರು.

ಹಾಫ್‌ಕಿನ್ ಮದ್ದು ಪವಾಡವೇನೂ ಆಗಿರಲಿಲ್ಲ. ಅದರ ರಕ್ಷಣೆ ಕೆಲವು ತಿಂಗಳ ಮಾತು, ಎಲ್ಲರನ್ನೂ ಉಳಿಸಲಿಲ್ಲ. ಸರ್ಕಾರ ನೇಮಿಸಿದ ಪ್ಲೇಗು ಆಯೋಗ ಅವರ ಅಂಕಿಅಂಶಗಳನ್ನು ಜಾಲಾಡಿ ತಪ್ಪುಗಳನ್ನೂ ಎತ್ತಿ ತೋರಿಸಿತು. ಆದರೂ ಚುಚ್ಚಿಸಿಕೊಂಡವರಲ್ಲಿ ಕಾಯಿಲೆಯೂ ಸಾವೂ ಕಡಿಮೆ ಎಂದು ಒಪ್ಪಿತು. 1899ರ ಆಗಸ್ಟ್ 10ರಂದು ಪರೇಲಿನ ಹಳೆಯ ಗವರ್ನರ್ ಬಂಗಲೆಯಲ್ಲಿ ಪ್ಲೇಗು ಸಂಶೋಧನಾ ಪ್ರಯೋಗಶಾಲೆ ಶುರುವಾಯಿತು, ಹಾಫ್‌ಕಿನ್ ಅದರ ಮುಖ್ಯಸ್ಥರಾದರು. ಅಲ್ಲಿಂದ ಲಕ್ಷಗಟ್ಟಲೆ ಮದ್ದಿನ ಬಾಟಲಿಗಳು ದೇಶದ ಮೂಲೆಮೂಲೆಗೆ ಹೋಗತೊಡಗಿದವು.

ಇಲ್ಲಿಗೆ ಅವರ ಕಥೆ ಮುಗಿದಿದ್ದರೆ ಚೆನ್ನಾಗಿತ್ತು.

1902ರಲ್ಲಿ ಪಂಜಾಬಿನಲ್ಲಿ ಪ್ಲೇಗು ಭೀಕರವಾಯಿತು. ಅಲ್ಲಿನ ಸರ್ಕಾರ ಭಾರಿ ಪ್ರಮಾಣದ ಮದ್ದು ಬೇಕೆಂದಿತು. ಬೇಡಿಕೆ ಪೂರೈಸಲು ಹಾಫ್‌ಕಿನ್ ತಯಾರಿಕೆಯ ಕ್ರಮವನ್ನು ಸ್ವಲ್ಪ ಬದಲಿಸಿ, ಮೊದಲು ಬೆರೆಸುತ್ತಿದ್ದ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಕಾಯಿಸಿ ಶುದ್ಧಿ ಮಾಡುವುದನ್ನೇ ನೆಚ್ಚಿಕೊಂಡರು. ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಚುಚ್ಚಲಾಯಿತು. ಐದು ಬಾಟಲಿ ಒಡೆದಿದ್ದರು. ಒಂದು ವಾರದೊಳಗೆ ಅವರಲ್ಲಿ 19 ಜನರಿಗೆ ಧನುರ್ವಾಯು ಕಾಣಿಸಿತು, ಹತ್ತೊಂಬತ್ತೂ ಜನ ಸತ್ತರು. ಎಲ್ಲರಿಗೂ ಮದ್ದು ಬಂದದ್ದು ಒಂದೇ ಬಾಟಲಿಯಿಂದ, ಅದರ ಗುರುತು 53ಎನ್. ಉಳಿದ ನಾಲ್ಕು ಬಾಟಲಿಗಳಿಂದ ಚುಚ್ಚಿಸಿಕೊಂಡ ಯಾರಿಗೂ ಏನೂ ಆಗಲಿಲ್ಲ.

ಆ ಹತ್ತೊಂಬತ್ತು ಮನೆಗಳನ್ನು ನೆನೆದರೆ ಯಾರ ಪಕ್ಷವನ್ನೂ ಹಿಡಿಯಲು ಮನಸ್ಸು ಬಾರದು. ರೋಗ ಬಾರದಿರಲಿ ಎಂದು ನಂಬಿ ತೋಳು ಕೊಟ್ಟವರು ಅವರು.

ಸರ್ಕಾರ ಸಮಿತಿ ನೇಮಿಸಿತು. ಬಾಟಲಿ ಮುಂಬಯಿಯ ಪ್ರಯೋಗಶಾಲೆಯಲ್ಲೇ ಕೆಟ್ಟಿರಬೇಕು, ಕಾರ್ಬಾಲಿಕ್ ಬಿಟ್ಟದ್ದೇ ತಪ್ಪು ಎಂಬ ಕಡೆಗೆ ಅದರ ಅಭಿಪ್ರಾಯ ವಾಲಿತು. ಹಾಫ್‌ಕಿನ್ ಅವರನ್ನು ಕೆಲಸದಿಂದ ದೂರವಿಟ್ಟರು, ಸಂಬಳ ನಿಲ್ಲಿಸಿದರು. ತಾವೇ ಕಟ್ಟಿದ ಪ್ರಯೋಗಶಾಲೆಗೆ ಅವರು ಹೊರಗಿನವರಾದರು. 1904ರಲ್ಲಿ ಲಂಡನ್ನಿಗೆ ಹೋಗಿ ತಮ್ಮ ಪ್ರಕರಣವನ್ನು ಮರುಪರಿಶೀಲಿಸುವಂತೆ ಕೇಳುತ್ತಾ ಕುಳಿತರು. ವರ್ಷಗಳು ಉರುಳಿದವು.

ವಿಚಾರಣೆಯ ಕಾಗದಗಳಲ್ಲಿ ಒಂದು ಸಣ್ಣ ಸಂಗತಿ ಮೊದಲಿನಿಂದಲೂ ಇತ್ತು. ಆ ದಿನ ಹಳ್ಳಿಯಲ್ಲಿ ಬಾಟಲಿಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅವನು ಅದನ್ನೆತ್ತಿ, ಕಾರ್ಬಾಲಿಕ್ ನೀರಿನಲ್ಲಿ ಹಾಗೇ ಆಡಿಸಿ, ಅದರಿಂದಲೇ ಬಿರಡೆ ತೆಗೆದಿದ್ದ. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಅದರ ಬೀಜಕ್ಕೆ ಅಷ್ಟು ನೀರು ಏನೂ ಮಾಡುವುದಿಲ್ಲ, ಚಿಮಟವನ್ನು ಬೆಂಕಿಗೆ ಹಿಡಿದು ಸುಡಬೇಕಿತ್ತು. ಇನ್ನೊಂದು ಸಂಗತಿ, ಬಾಟಲಿ ತೆರೆದಾಗ ಕೆಟ್ಟ ವಾಸನೆ ಬಂದಿರಲಿಲ್ಲ. ರೋಗಾಣು ಮುಂಬಯಿಯಲ್ಲೇ ಸೇರಿ ವಾರಗಟ್ಟಲೆ ಒಳಗೆ ಬೆಳೆದಿದ್ದರೆ ಮೂಗು ಮುಚ್ಚಿಕೊಳ್ಳುವಂತೆ ನಾರಬೇಕಿತ್ತು. ಲಂಡನ್ನಿನ ಲಿಸ್ಟರ್ ಸಂಸ್ಥೆಯೂ ಸಾಕ್ಷ್ಯವನ್ನು ಪರಿಶೀಲಿಸಿತು. ಸೊಳ್ಳೆಯಿಂದ ಮಲೇರಿಯಾ ಹರಡುವುದನ್ನು ನಮ್ಮ ಸಿಕಂದರಾಬಾದಿನಲ್ಲಿ ಪತ್ತೆ ಹಚ್ಚಿದ ರೊನಾಲ್ಡ್ ರಾಸ್ ಈ ವಿಷಯವನ್ನು ಬಿಡದೆ ಹಿಡಿದರು. 1907ರ ಜುಲೈನಲ್ಲಿ ಅವರೂ ಇತರ ಹೆಸರಾಂತ ವಿಜ್ಞಾನಿಗಳೂ ಸಹಿ ಹಾಕಿದ ಪತ್ರ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಂತು. ಆ ವರ್ಷದ ಕೊನೆಗೆ ಸರ್ಕಾರ ಹಾಫ್‌ಕಿನ್ ಅವರ ಮೇಲಿನ ದೋಷವನ್ನು ತೆಗೆದುಹಾಕಿತು.

ಇಡೀ ಪ್ರಕರಣದಲ್ಲಿ ನನ್ನನ್ನು ಕಾಡುವುದು ಆ ಚಿಮಟ. ಸಹಾಯಕನಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಜನ ಕಾಯುತ್ತಿದ್ದರು, ಅವಸರವಿತ್ತು. ಶಿಬಿರಗಳಲ್ಲಿ ನಾವು ಸ್ವಯಂಸೇವಕರು ಹತ್ತಿ, ಸೂಜಿ, ಕೈಗವಸು ಎತ್ತಿಕೊಡುತ್ತೇವೆ. ಜನಸಂದಣಿ ಹೆಚ್ಚಾದಾಗ ನೆಲಕ್ಕೆ ಬಿದ್ದದ್ದನ್ನು ಒರೆಸಿ ಮೇಜಿನ ಮೇಲಿಟ್ಟ ಸ್ವಯಂಸೇವಕನನ್ನು ನಾನೇ ನೋಡಿದ್ದೇನೆ, ನರ್ಸ್ ನೋಡಿ ಕಸಕ್ಕೆ ಎಸೆದರು. ಈ ಕಥೆ ಓದಿದ ಮೇಲೆ ನಮ್ಮ ತಂಡದ ಹೊಸ ಹುಡುಗರಿಗೆಲ್ಲ ಮೊದಲು ಮುಲ್ಕೋವಾಲ್ ಬಗ್ಗೆ ಹೇಳುತ್ತೇನೆ.

ಮುಲ್ಕೋವಾಲ್ ಸುದ್ದಿಯಿಂದ ಪಂಜಾಬಿನಲ್ಲಿ ಜನ ಚುಚ್ಚುಮದ್ದಿನಿಂದ ದೂರ ಸರಿದರು. ಮುಂದಿನ ವರ್ಷಗಳಲ್ಲಿ ಪ್ಲೇಗಿಗೆ ಅತಿ ಹೆಚ್ಚು ಬಲಿಯಾದ ಪ್ರಾಂತ್ಯಗಳಲ್ಲಿ ಅದೂ ಒಂದು. ದೇಶದಲ್ಲಿ ಆ ದಶಕಗಳಲ್ಲಿ ಪ್ಲೇಗಿನಿಂದ ಸತ್ತವರು ಒಂದು ಕೋಟಿಗೂ ಹೆಚ್ಚು. ಇತ್ತ ಹಾಫ್‌ಕಿನ್ ದೂರವಿದ್ದ ವರ್ಷಗಳಲ್ಲೇ, ಅವರು ಕಟ್ಟಿದ ಪರೇಲಿನ ಪ್ರಯೋಗಶಾಲೆಯಲ್ಲೇ, ಹೊಸ ಆಯೋಗದವರು ಇಲಿ ಮತ್ತು ಚಿಗಟದ ವಿಷಯವನ್ನು ಸಂಶಯಕ್ಕೆಡೆಯಿಲ್ಲದಂತೆ ಸಾಧಿಸಿದರು. ಆ ಕೆಲಸದಲ್ಲಿ ಅವರು ಇರಲಿಲ್ಲ.

ದೋಷಮುಕ್ತರಾದ ಮೇಲೆ ಅವರು ಭಾರತಕ್ಕೆ ಮರಳಿದರು. ಆದರೆ ಮುಂಬಯಿಯ ಸ್ಥಾನ ಬೇರೆಯವರ ಪಾಲಾಗಿತ್ತು. ಕಲ್ಕತ್ತಾದಲ್ಲಿ ಒಂದು ಹುದ್ದೆ ಕೊಟ್ಟರು, ಜನರ ಮೇಲೆ ಹೊಸ ಮದ್ದಿನ ಪರೀಕ್ಷೆ ನಡೆಸಲು ಮಾತ್ರ ಅವಕಾಶ ಕೊಡಲಿಲ್ಲ. ಗೌರವ ಮರಳಿತು, ಕೆಲಸ ಮರಳಲಿಲ್ಲ. ಐವತ್ತೈದನೆಯ ವಯಸ್ಸಿಗೆ ನಿವೃತ್ತರಾಗಿ ಯುರೋಪಿಗೆ ಹೋದರು.

ಉಳಿದ ಹದಿನೈದು ವರ್ಷಗಳನ್ನು ಅವರು ತಮ್ಮ ಧರ್ಮದ ಆಚಾರ ಮತ್ತು ಅಧ್ಯಯನದಲ್ಲಿ ಕಳೆದರು. ಯೌವನದಲ್ಲಿ ಯಾವ ಧರ್ಮ ಬಿಡಲಾರೆನೆಂದು ಹುದ್ದೆ ಕಳೆದುಕೊಂಡರೋ ಅದರ ಬಗ್ಗೆ 1916ರಲ್ಲಿ ಲೇಖನವನ್ನೂ ಬರೆದರು. ವಿಜ್ಞಾನಿಯಾದವನು ಧರ್ಮನಿಷ್ಠನಾಗಿರಲು ಅಡ್ಡಿಯಿಲ್ಲ ಎಂಬುದು ಅವರ ನಿಲುವು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ತೀರಿಕೊಂಡರು. ಉಳಿಸಿದ ಹಣವನ್ನೆಲ್ಲ ಪೂರ್ವ ಯುರೋಪಿನ ಬಡ ಯಹೂದಿ ವಿದ್ಯಾರ್ಥಿಗಳ ಧಾರ್ಮಿಕ ಪಾಠಶಾಲೆಗಳಿಗೆ ಬರೆದಿಟ್ಟಿದ್ದರು.

1925ರಲ್ಲಿ, ಅವರು ಇನ್ನೂ ಬದುಕಿರುವಾಗಲೇ, ಪರೇಲಿನ ಪ್ರಯೋಗಶಾಲೆಗೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು. 1964ರಲ್ಲಿ ನಮ್ಮ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು. ವ್ಯಾಪಾರದ ಕೆಲಸಕ್ಕೆ ಮುಂಬಯಿಗೆ ಹೋದಾಗ ಎರಡು ಸಲ ಆಚಾರ್ಯ ದೋಂದೆ ಮಾರ್ಗದಲ್ಲಿ ಆ ಕಾಂಪೌಂಡಿನ ಮುಂದೆ ಹಾದುಹೋಗಿದ್ದೇನೆ. ಮುಂದೆ ಅದೇ ಆವರಣದಿಂದ ಹಾವಿನ ವಿಷಕ್ಕೆ ಮದ್ದು ಬಂತು, ಪೋಲಿಯೊ ಹನಿಗಳೂ ಬಂದವು. ಭಾನುವಾರ ಬೆಳಿಗ್ಗೆ ಬಸದಿಯ ಹತ್ತಿರ ಮೇಜು ಹಾಕಿಕೊಂಡು ನಾವು ಓಣಿಯ ಮಕ್ಕಳನ್ನು ಹನಿ ಹಾಕಿಸಲು ಕರೆಯುತ್ತಿದ್ದ ವರ್ಷಗಳಲ್ಲಿ, ಐಸ್ ಪೆಟ್ಟಿಗೆಯೊಳಗಿನ ಪುಟ್ಟ ಸೀಸೆಗಳ ಮೇಲಿದ್ದ ಹೆಸರನ್ನು ನಾನು ಯಾವತ್ತೂ ಓದಿ ನೋಡಿರಲಿಲ್ಲ.